ತೆನ್‌ಪೊ 9ನೇ ವರ್ಷದ ಪೆಟ್ಟಿಗೆ

ಕ್ಯೋಟೊದ ತೋಜಿ ದೇವಾಲಯದ ಅಂಗಳದಲ್ಲಿ ಪ್ರತಿ ತಿಂಗಳು 21ರಂದು ಸಂತೆ ನೆರೆಯುತ್ತದೆ. ಶಿಂಗೊನ್ ಬೌದ್ಧ ಪಂಥದ ಸ್ಥಾಪಕ ಕೂಕಾಯ್, ಅಂದರೆ ಕೋಬೊ ದೈಶಿ, 835ರ ಮೂರನೆಯ ತಿಂಗಳ 21ರಂದು ತೀರಿಕೊಂಡರು. ಆ ದಿನದ ಪೂಜೆಯ ಸುತ್ತ ಬೆಳೆದ ಈ ಸಂತೆಯನ್ನು ಊರಿನವರು ‘ಕೋಬೊಸಾನ್’ ಎಂದೇ ಕರೆಯುತ್ತಾರೆ. ಹೂವಿನ ಸಸಿ, ಉಪ್ಪಿನಕಾಯಿ, ಹಳೆಯ ಕಿಮೊನೊ ಮಾರುವವರ ನಡುವೆ ಹಳೆಯ ಸಾಮಾನಿನ ವ್ಯಾಪಾರಿಗಳೂ ನೆಲದ ಮೇಲೆ ಬಟ್ಟೆ ಹಾಸಿ ಕುಳಿತಿರುತ್ತಾರೆ. ಕೆಲಸದ ನಿಮಿತ್ತ ಒಸಾಕಾಗೆ ಬಂದು ನೆಲೆಸಿದ ನಾನು ಜಪಾನಿನ ಹಳೆಯ ಪಿಂಗಾಣಿಯನ್ನೂ ಮೆರುಗಿನ ಪಾತ್ರೆಗಳನ್ನೂ ನೋಡಲು ಕಲಿತದ್ದು ಹೆಚ್ಚಾಗಿ ಇಲ್ಲಿಯೇ. ಕಳೆದ ನವೆಂಬರ್ ತಿಂಗಳ ಸಂತೆಯಲ್ಲಿ ಒಂದು ಪೆಟ್ಟಿಗೆಯ ಮುಂದೆ ಕಳೆದ ಬೆಳಗನ್ನು ಇಲ್ಲಿ ಬರೆದಿಡಬೇಕೆನಿಸಿದೆ.

ನನ್ನ ಸಂಗ್ರಹ ಆರಂಭವಾದದ್ದು ಪಿಂಗಾಣಿಯಿಂದ. ಕ್ಯೂಶೂ ದ್ವೀಪದ ಅರಿತಾದಲ್ಲಿ ತಯಾರಾಗಿ ಇಮಾರಿ ಬಂದರಿನಿಂದ ಹೊರಹೋಗುತ್ತಿದ್ದ ನೀಲಿ ಚಿತ್ತಾರದ ಪುಟ್ಟ ಬಟ್ಟಲುಗಳು ಹೊಸಬರಿಗೆ ಒಳ್ಳೆಯ ಗುರುಗಳು, ಏಕೆಂದರೆ ಅವು ತಮ್ಮ ವಯಸ್ಸನ್ನು ತಾವೇ ಹೇಳುತ್ತವೆ. ಮಗುಚಿ ಹಿಡಿದರೆ ತಳದ ಬಳೆಯ ಬರಿಮಣ್ಣು ಕಾಣುತ್ತದೆ. ಕುಂಚದಿಂದ ಎಳೆದ ಗೆರೆಯಲ್ಲಿ ನೀಲಿ ಎಲ್ಲಿ ಗಾಢವಾಯಿತು, ಎಲ್ಲಿ ತೆಳುವಾಯಿತು ಎಂಬುದು ಕಾಣುತ್ತದೆ. ಮೇಜಿ ಕಾಲದಲ್ಲಿ (1868–1912) ಕಾಗದದ ಅಚ್ಚಿನಿಂದ ಚಿತ್ತಾರ ಒತ್ತಿದ ಬಟ್ಟಲಾದರೆ, ಎರಡು ಅಚ್ಚುಗಳ ಅಂಚು ಸರಿಯಾಗಿ ಕೂಡದ ಜಾಗ ಎಲ್ಲಾದರೂ ಸಿಕ್ಕೇ ಸಿಗುತ್ತದೆ.

ಮೆರುಗಿನ ಪಾತ್ರೆ ಹಾಗಲ್ಲ. ಅದರ ಮೇಲ್ಮೈಯ ಕೆಳಗೆ ಹಲವು ಪದರಗಳ ಕೆಲಸ ಅಡಗಿರುತ್ತದೆ, ಮತ್ತು ಚೆನ್ನಾಗಿ ಇಟ್ಟುಕೊಂಡ ಇನ್ನೂರು ವರ್ಷದ ಬಟ್ಟಲು ನಿನ್ನೆ ತಂದದ್ದರಂತೆ ಕಾಣಬಹುದು. ಕನ್ನಡದ ಓದುಗರಿಗೆ ಮೆರುಗು ಎಂದೊಡನೆ ಚನ್ನಪಟ್ಟಣದ ಗೊಂಬೆಗಳು ನೆನಪಾಗುವುದು ಸಹಜ. ಆದರೆ ಅಲ್ಲಿ ಬಳಸುವ ಅರಗು ಕೀಟದಿಂದ ಬರುವಂಥದ್ದು. ತಿರುಗುವ ಮರಕ್ಕೆ ಒತ್ತಿ ಹಿಡಿದಾಗ ಹುಟ್ಟುವ ಬಿಸಿಗೆ ಕರಗಿ ಅಂಟಿಕೊಳ್ಳುತ್ತದೆ. ಜಪಾನಿನ ಮೆರುಗಾದ ಉರುಷಿಯಾದರೋ ಒಂದು ಮರದ ರಸ. ಹತ್ತು ಹದಿನೈದು ವರ್ಷ ಬೆಳೆದ ಮರದ ತೊಗಟೆಗೆ ಬೇಸಿಗೆಯಿಂದ ಶರತ್ಕಾಲದವರೆಗೆ ಗೀರು ಹಾಕುತ್ತ ಹೋದರೆ ಸಿಗುವುದು ಸುಮಾರು 200 ಗ್ರಾಂ ಮಾತ್ರ. ಆಮೇಲೆ ಮರವನ್ನೇ ಕಡಿಯುತ್ತಾರೆ. ಈ ರಸ ಗಟ್ಟಿಯಾಗುವುದು ಒಣ ಹವೆಯಲ್ಲಲ್ಲ. ರಸದಲ್ಲೇ ಇರುವ ಲ್ಯಾಕೇಸ್ ಎಂಬ ಕಿಣ್ವ ಕೆಲಸ ಮಾಡಲು ತೇವ ಬೇಕಾದ್ದರಿಂದ, ಬಳಿದ ಪಾತ್ರೆಗಳನ್ನು ಬೆಚ್ಚಗಿನ, ತೇವ ತುಂಬಿದ ಕಪಾಟಿನೊಳಗೆ ಇಡುತ್ತಾರೆ. ಹೀಗೆ ಗಟ್ಟಿಯಾದ ಪದರ ನೀರಿಗೂ ಆಮ್ಲಕ್ಕೂ ಜಗ್ಗುವುದಿಲ್ಲ. 1873ರ ವಿಯೆನ್ನಾ ಪ್ರದರ್ಶನದಿಂದ ಮರಳುತ್ತಿದ್ದ ನೈಲ್ ಎಂಬ ಹಡಗು 1874ರಲ್ಲಿ ಇಜು ತೀರದ ಬಳಿ ಮುಳುಗಿದಾಗ, ಬಹುಕಾಲ ಸಮುದ್ರದ ತಳದಲ್ಲಿದ್ದು ಮೇಲೆ ಬಂದ ಉರುಷಿ ಪಾತ್ರೆಗಳ ಮೆರುಗು ಕೆಡದೆ ಉಳಿದಿತ್ತು. ಅದರ ನಿಜವಾದ ಶತ್ರುಗಳು ನೇರ ಬಿಸಿಲು ಮತ್ತು ಒಣ ಗಾಳಿ.

ಆ ದಿನ ನಾನು ನಿಂತದ್ದು ವಯಸ್ಸಾದ ಮಹಿಳೆಯೊಬ್ಬರ ಅಂಗಡಿಯ ಮುಂದೆ. ಅವರ ಬಳಿ ಸುಗಿ ಎಂಬ ಜಪಾನಿ ದೇವದಾರು ಜಾತಿಯ ಮರದ ಎತ್ತರದ ಪೆಟ್ಟಿಗೆಯೊಂದಿತ್ತು. ಅದರಿಂದ ತೆಗೆದ ಕೆಂಪು ಬಟ್ಟಲುಗಳನ್ನು ಅವರು ಐದೈದಾಗಿ ಜೋಡಿಸುತ್ತಿದ್ದರು. ನೋಟೊ ಪರ್ಯಾಯ ದ್ವೀಪದ ಒಂದು ಮನೆಯಿಂದ ಬಂದದ್ದು ಎಂದು ಹೇಳಿದರು. 2024ರ ಜನವರಿ 1ರಂದು ಆ ಭಾಗವನ್ನು ನಡುಗಿಸಿದ 7.6 ತೀವ್ರತೆಯ ಭೂಕಂಪದಲ್ಲಿ ಬಿರುಕು ಬಿಟ್ಟ ಮನೆಯನ್ನು ಕೆಡವುವ ಮುನ್ನ, ಹಿತ್ತಿಲಿನ ದಪ್ಪ ಮಣ್ಣುಗೋಡೆಯ ಉಗ್ರಾಣವನ್ನು ಖಾಲಿ ಮಾಡಿದ್ದರಂತೆ. ಉಗ್ರಾಣದಿಂದ ಮೊದಲ ಬಾರಿಗೆ ಹೊರಬಿದ್ದ ಇಂಥ ಸಾಮಾನನ್ನು ವ್ಯಾಪಾರಿಗಳು ‘ಉಬುದಾಶಿ’ ಎನ್ನುತ್ತಾರೆ. ಸಂಗ್ರಹಕಾರರ ಕಿವಿ ನಿಮಿರುವ ಮಾತು ಅದು.

ನಾನು ಅನುಮತಿ ಕೇಳಿ ಒಂದು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಗಾತ್ರಕ್ಕೆ ಹೋಲಿಸಿದರೆ ತೂಕವೇ ಇಲ್ಲವೆನ್ನುವಷ್ಟು ಹಗುರ. ಅಂಚು ಸವೆದ ಒಂದು ಕಡೆ, ಕೆಂಪಿನ ಕೆಳಗೆ ಬಟ್ಟೆಯ ನೇಯ್ಗೆ ಕಾಣುತ್ತಿತ್ತು. ನೋಟೊದ ವಾಜಿಮಾ ಪಟ್ಟಣದ ಕೆಲಸದ ಗುರುತೇ ಇದು: ಬೇಗ ಪೆಟ್ಟು ತಿನ್ನುವ ಅಂಚಿಗೂ ತಳಕ್ಕೂ ಉರುಷಿಯಿಂದ ಬಟ್ಟೆ ಅಂಟಿಸುತ್ತಾರೆ, ಅದರ ಮೇಲೆ ಅಲ್ಲಿಯದೇ ಬೆಟ್ಟದ ಡಯಾಟಮ್ ಮಣ್ಣನ್ನು (ಸೂಕ್ಷ್ಮ ಪಾಚಿಗಳ ಪಳೆಯುಳಿಕೆಯಿಂದಾದ ಮಣ್ಣು) ಸುಟ್ಟು ಪುಡಿಮಾಡಿ ಉರುಷಿಯಲ್ಲಿ ಕಲಸಿ ಪದರ ಪದರವಾಗಿ ಬಳಿಯುತ್ತಾರೆ. ಒಂದು ಬಟ್ಟಲಿಗೆ ನೂರಕ್ಕೂ ಹೆಚ್ಚು ಹಂತಗಳ ಕೆಲಸ. ಕೆಂಪು ಬಣ್ಣ ವರ್ಷ ಕಳೆದಂತೆ ಮಂಕಾಗುವ ಬದಲು ತಿಳಿಯಾಗುತ್ತದೆ, ಏಕೆಂದರೆ ಉರುಷಿ ನಿಧಾನವಾಗಿ ಪಾರದರ್ಶಕವಾಗುತ್ತ ಒಳಗಿನ ಬಣ್ಣವನ್ನು ಬಿಟ್ಟುಕೊಡುತ್ತದೆ. ಈ ಬಟ್ಟಲುಗಳ ಕೆಂಪಿನಲ್ಲಿ ಆ ತಿಳಿ ಇತ್ತು. ಆದರೆ ಬಟ್ಟಲುಗಳ ಮುಚ್ಚಳಗಳಲ್ಲಿ ಒಂದು ಮಾತ್ರ ತುಸು ಗಾಢವಾಗಿತ್ತು. ಯಾವುದೋ ಊಟದ ದಿನ ಕಳೆದುಹೋದದ್ದರ ಬದಲಿಗೆ ಮುಂದೊಂದು ಕಾಲದಲ್ಲಿ ಮಾಡಿಸಿದ್ದಿರಬೇಕು. ಪೆಟ್ಟಿಗೆಯಲ್ಲಿದ್ದದ್ದು ಇಪ್ಪತ್ತು ಬಟ್ಟಲು. ಆ ಮನೆಯವರು ಇಪ್ಪತ್ತನ್ನು ಇಪ್ಪತ್ತಾಗಿಯೇ ಉಳಿಸಿಕೊಳ್ಳಲು ಖರ್ಚು ಮಾಡಿದ್ದರು ಎಂಬುದಕ್ಕೆ ನನಗೆ ಆ ಒಂದು ಮುಚ್ಚಳವೇ ಸಾಕ್ಷಿಯಾಗಿ ಕಂಡಿತು.

ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಮಸಿಯಲ್ಲಿ ಬರೆದದ್ದನ್ನು ಆ ಹಿರಿಯರು ಬೆರಳಿಟ್ಟು ಓದಿ ಹೇಳಿದರು: ಕೆಂಪು ಬಟ್ಟಲು, ಇಪ್ಪತ್ತು ಜನರಿಗೆ, ತೆನ್‌ಪೊ 9ನೇ ವರ್ಷ, ಭೂಮಿ ಮತ್ತು ನಾಯಿಯ ವರ್ಷ. ತೆನ್‌ಪೊ ಎಂಬುದು ಜಪಾನಿನ ಒಂದು ಶಕೆಯ ಹೆಸರು. ಅದರ 9ನೇ ವರ್ಷ ಎಂದರೆ 1838. ಪೆಟ್ಟಿಗೆಯ ಮೇಲೆ ಆಮೇಲೆ ಯಾರೋ ಹಳೆಯ ಇಸವಿ ಬರೆದು ಬೆಲೆ ಏರಿಸುವುದೂ ಉಂಟು. ಹಾಗಾಗಿ ಶಕೆಯ ವರ್ಷವೂ ‘ಭೂಮಿ ಮತ್ತು ನಾಯಿ’ಯಂಥ ಅರವತ್ತು ವರ್ಷದ ಚಕ್ರದ ಹೆಸರೂ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುವುದು ಮೊದಲ ಪರೀಕ್ಷೆ. ನಮ್ಮ ಸಂವತ್ಸರಗಳೂ ಅರವತ್ತೇ ಆದ್ದರಿಂದ ನನಗೆ ಈ ಲೆಕ್ಕ ಸಲೀಸು: 2018ರ ಯುಗಾದಿಗೆ ಬಂದದ್ದು ವಿಳಂಬಿ, ಅಲ್ಲಿಂದ ಮೂರು ಸುತ್ತು ಹಿಂದಕ್ಕೆ ಹೋದರೆ 1838ರದೂ ವಿಳಂಬಿ, ಪೂರ್ವ ಏಷ್ಯಾದ ಚಕ್ರದಲ್ಲಿ ಆ ಎರಡೂ ಭೂಮಿ ಮತ್ತು ನಾಯಿಯ ವರ್ಷಗಳು. ತಾಳೆಯಾಯಿತು. ಇದೊಂದರಿಂದಲೇ ಬರಹ ಅಸಲಿ ಎಂದು ಸಾಬೀತಾಗುವುದಿಲ್ಲ, ಆದರೆ ಪೆಟ್ಟಿಗೆಯ ಮರ ಕಪ್ಪಾದ ಬಗೆ, ಬಟ್ಟಲುಗಳ ಸವಕಳಿ, ಬರಹ ಮೂರೂ ಒಂದೇ ಮಾತನ್ನು ಹೇಳುತ್ತಿದ್ದವು.

1838 ಸಾಮಾನ್ಯ ವರ್ಷವಲ್ಲ. 1833ರಿಂದ ಜಪಾನನ್ನು ಹಿಂಡಿದ ತೆನ್‌ಪೊ ಕ್ಷಾಮದ ಕೊನೆಯ ದಿನಗಳವು. ಹಿಂದಿನ ವರ್ಷವಷ್ಟೇ ಒಸಾಕಾದಲ್ಲಿ ಅಕ್ಕಿಯ ಅಭಾವಕ್ಕೆ ರೊಚ್ಚಿಗೆದ್ದು ಓಶಿಯೊ ಹೈಹಾಚಿರೊ ಎಂಬ ಮಾಜಿ ಅಧಿಕಾರಿ ದಂಗೆ ಎಬ್ಬಿಸಿದ್ದರು. ಅಂಥ ಹೊತ್ತಿನಲ್ಲಿ ಇಪ್ಪತ್ತು ಜನರಿಗೆ ಊಟ ಬಡಿಸುವ ಬಟ್ಟಲು ಮಾಡಿಸಿದ ಮನೆ ಎಂಥದ್ದು, ಸಿರಿವಂತರೋ, ಕಷ್ಟ ದಾಟಿದ ಮೇಲೆ ಮದುವೆಯೊಂದನ್ನು ನಿಶ್ಚಯಿಸಿದವರೋ ಎಂದು ನಾನು ಅಲ್ಲಿಯೇ ನಿಂತು ಯೋಚಿಸಿದೆ. ನೋಟೊದಲ್ಲಿ ಹಬ್ಬದ ರಾತ್ರಿ ನೆಂಟರನ್ನೂ ಪರಿಚಿತರನ್ನೂ ಮನೆಗೆ ಕರೆದು ಮೆರುಗಿನ ತಟ್ಟೆ ಬಟ್ಟಲುಗಳಲ್ಲಿ ಬಡಿಸುವ ‘ಯೊಬಾರೆ’ ಎಂಬ ಪದ್ಧತಿ ಇಂದಿಗೂ ಇದೆ. ಬಟ್ಟಲುಗಳ ತಳದಲ್ಲಿ ಮನೆಯ ಗುರುತು ಬರೆದಿತ್ತು. ನೆರೆಯವರ ಮನೆಯ ಕಾರ್ಯಕ್ಕೆ ಕೊಟ್ಟಾಗ ಬೆರೆತುಹೋಗದಿರಲು ಹೀಗೆ ಬರೆಯುತ್ತಿದ್ದರು ಎಂದು ಅಂಗಡಿಯವರು ವಿವರಿಸಿದರು.

ಇಷ್ಟೆಲ್ಲ ತಿಳಿದಿದ್ದೂ ಅವರು ಏಕೆ ಐದೈದಾಗಿ ಬಿಡಿಸುತ್ತಿದ್ದಾರೆ ಎಂದು ಕೇಳಿದೆ. ಈಗಿನ ಮನೆಗಳಲ್ಲಿ ಇಪ್ಪತ್ತು ಬಟ್ಟಲು ಇಡಲು ಜಾಗವಿಲ್ಲ, ಪೆಟ್ಟಿಗೆಯನ್ನಂತೂ ಯಾರೂ ಕೇಳುವುದಿಲ್ಲ, ಬೆಳಗ್ಗೆಯೇ ಒಬ್ಬರು ನಾಲ್ಕು ಬಟ್ಟಲು ಕೇಳಿ ಹೋಗಿದ್ದಾರೆ ಎಂದರು. ಅವರ ಮಾತು ನ್ಯಾಯವಾದದ್ದೇ. ಆದರೂ ನನಗೆ ಅದನ್ನು ನೋಡುತ್ತ ನಿಲ್ಲಲಾಗಲಿಲ್ಲ. ಬಿಡಿ ಬಟ್ಟಲಿಗೆ ಇಸವಿ ಇಲ್ಲ, ಊರಿಲ್ಲ. ನಾಲ್ಕು ಒಂದು ಕಡೆ, ಐದು ಇನ್ನೊಂದು ಕಡೆ ಹೋದ ಮೇಲೆ ಆ ಗಾಢ ಬಣ್ಣದ ಮುಚ್ಚಳ ಬರೀ ಹೊಂದದ ಮುಚ್ಚಳವಾಗುತ್ತದೆ, ಪೆಟ್ಟಿಗೆ ಒಲೆಗೆ ಹೋಗುತ್ತದೆ. ಉರುಷಿಯ ಮೇಲೆ ಚಿನ್ನದ ಪುಡಿ ಉದುರಿಸಿ ಚಿತ್ತಾರ ಬಿಡಿಸಿದ, ಸಹಿ ಇರುವ ಮಾಕಿಎ ಡಬ್ಬಿಗೆ ಸಂಗ್ರಹಾಲಯಗಳ ಕಾವಲಿದೆ. ಮನೆಬಳಕೆಯ ಈ ಬಟ್ಟಲುಗಳಿಗೆ ಪೆಟ್ಟಿಗೆಯ ಬರಹವೊಂದೇ ದಿಕ್ಕು. ನಾನು ಇಪ್ಪತ್ತನ್ನೂ ಪೆಟ್ಟಿಗೆ ಸಮೇತ ಕೊಳ್ಳುತ್ತೇನೆ ಎಂದೆ. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ. ಅವರು ಪ್ರತಿಯೊಂದನ್ನೂ ಮೊದಲಿದ್ದ ಹಳೆಯ ಕಾಗದದಲ್ಲಿಯೇ ಸುತ್ತಿ, ಮೊದಲಿದ್ದ ಕ್ರಮದಲ್ಲಿಯೇ ಒಳಗಿಟ್ಟರು.

ಅಂಚು ಸವೆದ ಬಟ್ಟಲನ್ನು ವಾಜಿಮಾದ ಕುಶಲಕರ್ಮಿಯೊಬ್ಬರಿಗೆ ತೋರಿಸಿದೆ. ಭೂಕಂಪದ ನಂತರ ತಾತ್ಕಾಲಿಕ ಕಟ್ಟಡದಲ್ಲಿ ಕೆಲಸ ನಡೆಸುತ್ತಿರುವ ಅವರು, ಒಳಗಿನ ಬಟ್ಟೆಗೆ ಉರುಷಿ ಕುಡಿಸಿ ಗಟ್ಟಿ ಮಾಡಿದರೆ ಸಾಕು, ಮೇಲೆ ಕೆಂಪು ಬಳಿಯುವುದು ಬೇಡ ಎಂದರು. ಗಾಢ ಬಣ್ಣದ ಮುಚ್ಚಳವನ್ನೂ ಹಾಗೆಯೇ ಬಿಡಲು ಹೇಳಿದರು. ಮನೆಯಲ್ಲಿ ಪೆಟ್ಟಿಗೆಯನ್ನು ಬಿಸಿಲು ಬೀಳದ ಗೋಡೆಯ ಪಕ್ಕ ಇಟ್ಟಿದ್ದೇನೆ. ಹೀಟರ್ ಹಾಕುವ ಚಳಿಗಾಲದಲ್ಲಿ ಅದರ ಬಳಿ ನೀರಿನ ಪಾತ್ರೆಯೊಂದನ್ನು ಇಡುತ್ತೇನೆ. ಎಲ್ಲಿ, ಯಾರಿಂದ, ಯಾವ ದಿನ ಕೊಂಡೆ ಎಂಬುದನ್ನು ಕಾಗದದಲ್ಲಿ ಬರೆದು, ಬಿಡಿಯಾಗಿ ಮಾರಬಾರದೆಂಬ ಕೋರಿಕೆಯನ್ನೂ ಸೇರಿಸಿ, ಜಪಾನಿ ಮತ್ತು ಕನ್ನಡ ಎರಡರಲ್ಲೂ ಒಳಗೆ ಇಟ್ಟಿದ್ದೇನೆ.