4ಎಂಸಿ, 4ಎಐ

1998ರಲ್ಲಿ ಬೆಳಗಾವಿಯಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಶುರುವಾದಾಗ ಅದರ ಮೊದಲ ಬ್ಯಾಚ್ ನಮ್ಮದು. ಅಲ್ಲಿಯವರೆಗೆ ಹಾಸನದ ನಮ್ಮ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಬೆಂಗಳೂರಿನವರ ಸಿಲೆಬಸ್ ಬೇರೆ, ಧಾರವಾಡ ಕಡೆಯವರದು ಬೇರೆ. ಈಗ ಎಲ್ಲರೂ ಬೆಳಗಾವಿಯ ಕೆಳಗೆ ಬಂದೆವು. ಸಿಲೆಬಸ್ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ.

ಹುಡುಗರು ಮಾತ್ರ ಒಂದಾಗಿರಲಿಲ್ಲ. ನಮ್ಮದು 1960ರ ಕಾಲೇಜು ಅನ್ನೋ ಹೆಮ್ಮೆ ನಮಗೆ. ಚಿಕ್ಕಮಗಳೂರಿನ ಆದಿಚುಂಚನಗಿರಿ ಕಾಲೇಜು ಶುರುವಾಗಿದ್ದು 1980ರಲ್ಲಿ. ಬೇಲೂರು ದಾಟಿದರೆ ಸಿಗುವ ಊರು, ಆದರೂ ಅಲ್ಲಿಯವರು ನಮಗೆ ಬರೀ ಮ್ಯಾಚಿನ ಎದುರಾಳಿಗಳು.

ನಮ್ಮನ್ನು ಹತ್ತಿರ ತಂದಿದ್ದು ಪರೀಕ್ಷೆಯ ಭಯ. ಸೀನಿಯರ್‌ಗಳದು ಮೈಸೂರಿನ ಸ್ಕೀಮ್. ಹಾಗಾಗಿ ನಮಗೆ ತಿರುವಿ ನೋಡಲು ಹಳೇ ಪ್ರಶ್ನೆಪತ್ರಿಕೆಯೇ ಇಲ್ಲ! ಚಿಕ್ಕಮಗಳೂರಿನವರ ಪಾಡೂ ಅದೇ ಅಲ್ವಾ? ಬೇಲೂರಿನ ನಮ್ಮ ಗೆಳೆಯನೊಬ್ಬ ಶನಿವಾರ ಊರಿಗೆ ಹೋದಾಗ, ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಇಂಟರ್ನಲ್ಸ್ (ಕಾಲೇಜೇ ನಡೆಸುವ ಪರೀಕ್ಷೆ) ಪೇಪರ್ ಕೊಟ್ಟು ಅವರದನ್ನು ತರತೊಡಗಿದ. ಆಮೇಲೆ ನೋಟ್ಸೂ ಬಂತು.

ಮ್ಯಾಥ್ಸ್ ನೋಟ್ಸ್ ಒಂದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಯಾರ ಅಕ್ಷರವೋ, ಮುತ್ತು ಪೋಣಿಸಿದ ಹಾಗಿತ್ತು. ಲೆಕ್ಕದ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ‘ಇದು ಬರಬಹುದು’, ‘ಈ ಸ್ಟೆಪ್ ಅರ್ಥ ಆಗಿಲ್ಲ, ನಿಮಗೆ?’ ಎಂದಿತ್ತು. ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದನ್ನು ಅದರ ಕೆಳಗೇ ಬರೆದು, ಜೆರಾಕ್ಸ್ ಮಾಡಿಸಿಕೊಂಡು ವಾಪಸ್ ಕಳಿಸಿದೆವು. ಮೇಲೆ ಹೆಸರಿರಲಿಲ್ಲ, ಬರೀ ಯುಎಸ್‌ಎನ್. ಅಂದರೆ ವಿಟಿಯು ಪ್ರತಿ ವಿದ್ಯಾರ್ಥಿಗೂ ಕೊಡುವ ನಂಬರ್. ನಮ್ಮದು ಶುರುವಾಗೋದು 4ಎಂಸಿ ಅಂತ, ಅವರದು 4ಎಐ ಅಂತ. ಆ 4 ಮೈಸೂರು ವಲಯದ ಗುರುತು, ಇಬ್ಬರಿಗೂ ಒಂದೇ.

ಮುಂದೆ ಅವರು ಹಾಸನಕ್ಕೆ ಬಂದರೆ ನಮ್ಮ ರೂಮಿನಲ್ಲೇ ಊಟ, ಅಲ್ಲೇ ಚಾಪೆ. ಮ್ಯಾಚಿನಲ್ಲಿ ಜಗಳ ನಿಲ್ಲಲಿಲ್ಲ, ಮ್ಯಾಚ್ ಮುಗಿದ ಮೇಲೆ ಟೀ ಶುರುವಾಯಿತು. ಎಷ್ಟೋ ಜನ ಇವತ್ತಿಗೂ ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗುತ್ತಾರೆ. ಸಿಲೆಬಸ್ ಒಂದಾದರೆ ಸಾಲದು, ಅದನ್ನು ನೆಪ ಮಾಡಿಕೊಂಡು ಹುಡುಗರೇ ಹುಡುಗರನ್ನು ಹುಡುಕಿಕೊಂಡು ಹೋಗಬೇಕು.

ಈಗ ನಮ್ಮ ಕಾಲೇಜು ಸ್ವಾಯತ್ತ. ಪ್ರಶ್ನೆಪತ್ರಿಕೆ ಇಲ್ಲೇ ತಯಾರಾಗುತ್ತದೆ, ಆ ಹಳೇ ನೆಪ ಹೋಯಿತು. ಈಗ ಓದುತ್ತಿರುವ ನನ್ನ ತಮ್ಮ ತಂಗಿಯರೇ, ಹೊಸ ನೆಪ ನೀವು ಹುಡುಕಿ. ಫೆಸ್ಟಿಗೆ ಚಿಕ್ಕಮಗಳೂರಿನವರನ್ನು ಸುಮ್ನೆ ಸ್ಪರ್ಧೆಗೆ ಅಂತ ಕರೆಯಬೇಡಿ. ಹಿಂದಿನ ದಿನವೇ ಕರೆಸಿ, ರಾತ್ರಿ ಉಳಿಸಿಕೊಳ್ಳಿ. ಒಂದು ಪ್ರಾಜೆಕ್ಟನ್ನಾದರೂ ಎರಡೂ ಕಾಲೇಜಿನವರು ಸೇರಿ ಮಾಡಿ. ಖರ್ಚಿಗೆ ಹಳೆಯ ವಿದ್ಯಾರ್ಥಿಗಳಾದ ನಮ್ಮನ್ನು ಕೇಳಿ, ಸಂಕೋಚ ಬೇಡ.