ಹಿಸ್ಸಾ ನಂಬರ್ ಹಿಂದಿರೋ ತೋಟ

ನಮ್ ಕಡೆ ಮದುವೆ ಮನೇಲಿ ಸಿಗಲಿ, ಬಸ್ ಸ್ಟ್ಯಾಂಡಲ್ಲಿ ಸಿಗಲಿ, ಕೇಳೋ ಪ್ರಶ್ನೆ ಎರಡೇ. ಈಗ ಎಲ್ಲಿದೀಯ, ಎಷ್ಟು ಕೊಡ್ತಾರೆ. ಆ ಕೆಲಸ ಮಾಡಿ ಮನೆಗೆ ಬಂದ್ಮೇಲೆ ಮನಸ್ಸಿಗೆ ಹೆಂಗಿರತ್ತೆ ಅಂತ ಯಾರೂ ಕೇಳಲ್ಲ, ಬೇಕಂತ ಬಿಡೋದಲ್ಲ ಪಾಪ, ಅದನ್ನೂ ಕೇಳಬಹುದು ಅಂತ ಯಾರಿಗೂ ಹೊಳೆಯಲ್ಲ. ನನಗೆ ಈ ವಿಷಯ ತುಂಬಾ ದಿನದಿಂದ ತಲೇಲಿ ಓಡ್ತಾ ಇದೆ, ಇವತ್ತು ಬರೆದೇ ಬಿಡೋಣ ಅನ್ನಿಸ್ತು.

ನಾನು ತೀರ್ಥಹಳ್ಳಿ ತಾಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕೆಲಸ ಮಾಡ್ತೀನಿ, ಊರವರ ಬಾಯಲ್ಲಿ ಸೊಸೈಟಿ. ಬೆಳೆಸಾಲ, ಗೊಬ್ಬರ, ಮೈಲುತುತ್ತ, ರೇಷನ್ನು, ಚಿನ್ನದ ಮೇಲಿನ ಸಾಲ, ಎಲ್ಲ ಒಂದೇ ಸೂರಿನಡಿ. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಸಂಘಗಳನ್ನ ಕಂಪ್ಯೂಟರೀಕರಣ ಮಾಡೋ ಯೋಜನೆಗೆ ಒಪ್ಪಿಗೆ ಕೊಡ್ತು, ಆಮೇಲೆ ನಮ್ಮಂಥ ಸಣ್ಣ ಸೊಸೈಟಿಗಳ ಕೆಲಸದ ರೀತಿನೇ ಬದಲಾಗೋಕೆ ಶುರುವಾಯ್ತು. ಅದಕ್ಕೂ ಮುಂಚೆ ಕಿರ್ದಿ, ಖತಾವಣಿ ಅನ್ನೋ ಲೆಕ್ಕದ ಪುಸ್ತಕ ಎಲ್ಲ ಕೈಬರಹ, ಮಾರ್ಚ್ ಬಂತಂದ್ರೆ ತಾಳೆ ಆಗದ ಮೂರು ಕಾಸು ಹುಡುಕ್ತಾ ಹಿರಿಯರು ರಾತ್ರಿ ತನಕ ಕೂರ್ತಿದ್ರು, ಅದೇನು ಸುಖದ ಕಾಲ ಅಂತ ನಾನು ಹೇಳಲ್ಲ. ಕಂಪ್ಯೂಟರ್ ಬಂದಿದ್ದು ಒಳ್ಳೇದೇ ಆಯ್ತು. ಆದ್ರೆ ಅದರ ಜೊತೆ ಇನ್ನೊಂದು ಆಯ್ತು. ಮೊದಲು ಒಬ್ಬ ಸದಸ್ಯರು ಬಂದ್ರೆ ಅರ್ಜಿ ಬರೆಸೋದ್ರಿಂದ ಹಿಡಿದು ಸಾಲ ಖಾತೆಗೆ ಬೀಳೋ ತನಕ ಒಬ್ಬರೇ ನೋಡ್ಕೊಳ್ತಿದ್ರು. ಈಗ ಪಹಣಿ ತಗೊಳೋರು ಒಬ್ಬರು, ಸ್ಕ್ಯಾನ್ ಮಾಡೋರು ಒಬ್ಬರು, ನಾನು ಎಂಟ್ರಿ, ಅದನ್ನ ನೋಡಿ ಪಾಸ್ ಮಾಡೋರು ಇನ್ನೊಬ್ಬರು. ಸಂಜೆ ಮನೆಗೆ ಬಂದಾಗ ಅಮ್ಮ ಇವತ್ತು ಯಾರ್ಯಾರು ಬಂದಿದ್ರೇ ಅಂತ ಕೇಳಿದ್ರೆ ಒಂದು ಹೆಸರೂ ಬಾಯಿಗೆ ಬರ್ತಿರ್ಲಿಲ್ಲ. ಬೆಳಗ್ಗಿಂದ ಸಂಜೆ ತನಕ ಟೈಪ್ ಮಾಡಿದ್ದೆಲ್ಲ ಹೆಸರೇ.

ನನ್ನ ಚಿಕ್ಕಪ್ಪನ ಮಗ ಬೆಂಗಳೂರಲ್ಲಿ ದೊಡ್ಡ ಕಂಪನೀಲಿದಾನೆ, ನನ್ನ ಸಂಬಳಕ್ಕೂ ಅವನ ಸಂಬಳಕ್ಕೂ ಹೋಲಿಕೆನೇ ಇಲ್ಲ. ಭೂಮಿ ಹುಣ್ಣಿಮೆಗೆ ಬಂದಿದ್ದಾಗ ಜಗಲಿ ಮೇಲೆ ಕೂತು ಮಾತಾಡ್ತಾ ಇದ್ವಿ. ದಿನಾ ಟಿಕೆಟ್ ಅಂತ ದೂರು ಬರ್ತಾವೆ ಅಕ್ಕ, ಕ್ಲೋಸ್ ಮಾಡ್ತೀನಿ, ನಾಳೆ ಮತ್ತೆ ಬರ್ತಾವೆ, ಅದನ್ನ ಯಾರು ಹಾಕಿದ್ರು, ಸರಿ ಆದ್ಮೇಲೆ ಅವರಿಗೆ ಎಂತ ಆಯ್ತು ನನಗೊತ್ತಾಗಲ್ಲ ಅಂದ. ಬೋರ್ ಆಗತ್ತೆ ಅಂತಾನೂ ಅವನು ಹೇಳ್ಲಿಲ್ಲ, ಸುಸ್ತಾಗತ್ತೆ ಅಂದ. ಸೊಸೈಟಿ ಕೌಂಟರಲ್ಲಿ ಕೂತ, ಹತ್ತು ಗುಂಟೆ ತೋಟನೂ ಇಲ್ಲದ ನಾನೂ, ಅಷ್ಟು ದೊಡ್ಡ ಗಾಜಿನ ಕಟ್ಟಡದಲ್ಲಿ ಕೂತ ಅವನೂ ಹೇಳ್ತಾ ಇದ್ದಿದ್ದು ಒಂದೇ ಮಾತು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಆಮೇಲೆ ಈ ಬಗ್ಗೆ ಸ್ವಲ್ಪ ಓದಿದೆ. 1970ರ ದಶಕದಲ್ಲಿ ಅಮೆರಿಕದ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಅನ್ನೋ ಇಬ್ಬರು, ಕೆಲಸ ಯಾವಾಗ ಅರ್ಥ ಇದೆ ಅನ್ನಿಸತ್ತೆ ಅಂತ ಹುಡುಕಿ ಐದು ವಿಷಯ ಹೇಳಿದ್ರು. ಬೇರೆ ಬೇರೆ ಕೌಶಲ ಬಳಸೋಕೆ ಆಗಬೇಕು, ಕೆಲಸ ಮೊದಲಿಂದ ಕೊನೆ ತನಕ ಕಾಣಬೇಕು, ಅದರಿಂದ ಇನ್ನೊಬ್ಬರ ಬದುಕಿಗೆ ಏನೋ ಆಗಬೇಕು, ಹೆಂಗೆ ಮಾಡೋದು ಅನ್ನೋದರಲ್ಲಿ ನಮ್ಮ ಮಾತು ನಡೀಬೇಕು, ಮಾಡಿದ್ದು ಸರಿ ಆಯ್ತಾ ಇಲ್ವಾ ಅಂತ ತಿಳೀಬೇಕು. ಇದರಲ್ಲಿ ನನಗೆ ಎದೆಗೆ ತಾಗಿದ್ದು ಎರಡನೇದು. ಯಾಕಂದ್ರೆ ಮೂರನೇದು ನನ್ನ ಕೆಲಸದಲ್ಲಿ ಮೊದಲಿಂದಲೂ ಇತ್ತು, ಅದು ಎಲ್ಲೂ ಹೋಗಿರ್ಲಿಲ್ಲ, ಕೊನೆ ಕಾಣದೇ ಹೋಗಿದ್ದಕ್ಕೆ ಅದೂ ಕಣ್ಣಿಗೆ ಬೀಳ್ತಿರ್ಲಿಲ್ಲ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನೋದನ್ನ ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ವಿವರಿಸಿದಾಗಲೂ ಬರೀ ಆಯಾಸ ಒಂದನ್ನೇ ಹೇಳ್ಲಿಲ್ಲ, ಕೆಲಸದಿಂದ ಮನಸ್ಸು ದೂರ ಆಗೋದು, ನನ್ನಿಂದ ಏನೂ ಆಗ್ತಿಲ್ಲ ಅನ್ನಿಸೋದು, ಅವೆರಡನ್ನೂ ಸೇರಿಸಿದೆ. ರಜೆ ಹಾಕಿ ಮಲಗಿದ್ರೆ ಆಯಾಸ ಹೋಗಬಹುದು, ಉಳಿದೆರಡು ಹೋಗಲ್ಲ.

ಈಗ ನನ್ನ ಕೆಲಸದ ಒಂದು ತುಣುಕು ಹೇಳ್ತೀನಿ. ಮಳೆಗಾಲ ಶುರುವಾಗೋ ಹೊತ್ತಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟಿಸ್ಕೊಳೋ ಕೆಲಸ ಬರತ್ತೆ. ಅಡಿಕೆಗೆ, ಕಾಳುಮೆಣಸಿಗೆ. ವಿಮಾ ಮೊತ್ತದ 5% ರೈತರು ಕಟ್ಟಬೇಕು, ಉಳಿದ ಕಂತು ಕೇಂದ್ರ, ರಾಜ್ಯ ಸೇರಿ ಹಾಕ್ತಾವೆ. ಪರಿಹಾರ ಕೊಡೋದು ಯಾರ ತೋಟಕ್ಕೂ ಬಂದು ನೋಡಿ ಅಲ್ಲ, ಪಂಚಾಯ್ತಿ ಮಟ್ಟದ ಮಳೆ ಮಾಪನದ ಲೆಕ್ಕ ನೋಡಿ. ಸಂರಕ್ಷಣೆ ಅನ್ನೋ ಬೆಳೆ ವಿಮೆ ಪೋರ್ಟಲಲ್ಲಿ ಫ್ರೂಟ್ಸ್ ಐಡಿ ಅನ್ನೋ ರೈತರ ನೋಂದಣಿ ನಂಬರ್, ಸರ್ವೆ ನಂಬರ್, ಅದರೊಳಗಿನ ಪಾಲಿನ ನಂಬರ್ ಅಂದ್ರೆ ಹಿಸ್ಸಾ, ವಿಸ್ತೀರ್ಣ, ಬೆಳೆ, ಇಷ್ಟು ಸರಿ ಬೀಳಬೇಕು. ಪಹಣೀಲಿ ಒಂದು, ಬೆಳೆ ಸಮೀಕ್ಷೇಲಿ ಇನ್ನೊಂದು ಇದ್ರೆ ದುಡ್ಡು ಬರೋವಾಗ ತಕರಾರು. ಕೊನೇ ದಿನ ಹತ್ತಿರ ಬಂತಂದ್ರೆ ಸೊಸೈಟಿ ಬಾಗಿಲಿಂದ ರಸ್ತೆ ತನಕ ಛತ್ರಿ ಸಾಲು, ಸರ್ವರ್ ನಿಧಾನ, ಒಳಗೆಲ್ಲ ಒದ್ದೆ ಕಂಬಳಿ ವಾಸನೆ.

ಅಂಥ ಒಂದು ದಿನ ವಯಸ್ಸಾದ ಒಬ್ಬರು ಅಮ್ಮ ಬಂದ್ರು. ಗಂಡ ಇಲ್ಲ, ಮಗ ಹೊರಗಡೆ. ಪ್ಲಾಸ್ಟಿಕ್ ಕವರೊಳಗೆ ಇನ್ನೊಂದು ಕವರು, ಅದರೊಳಗೆ ಪಹಣಿ, ಆಧಾರು, ಪಾಸ್‌ಬುಕ್ಕು, ಒಂದು ಹನಿ ನೀರು ತಾಗದ ಹಾಗೆ ಸುತ್ತಿ ತಂದಿದ್ರು. ನಾನು ಸ್ಕ್ರೀನ್ ನೋಡ್ತಾ ಜೋರಾಗಿ ಓದಿ ಹೇಳಿದೆ, ಅಮ್ಮಾ ನಿಮ್ದು ಹಿಸ್ಸಾ ಮೂರು ಅಲ್ವಾ, ಎರಡು ನಿಮ್ಮ ಮೈದುನರದ್ದು ಅಂತ ತೋರಿಸ್ತಿದೆ. ಅವರು, ಅದೆಲ್ಲ ನಂಗೆ ಎಂತ ಗೊತ್ತಾಗ್ತದೆ ಮಾರಾಯ್ತಿ, ಹಳ್ಳದ ಬದಿಗಿರೋದು ನಮ್ದು, ಮೇಲಿನ ಧರೆ ಪಕ್ಕ ಇರೋದು ಅವರದ್ದು, ಕೊಳೆ ರೋಗ ಮೊದಲು ಬರೋದು ನಮ್ದಕ್ಕೇ, ಬಿಸ್ಲೇ ಬೀಳಲ್ಲ ಅಲ್ಲಿ ಅಂದ್ರು. ಆ ಒಂದು ಮಾತಿಗೆ ನನ್ನ ಮುಂದಿದ್ದ ಸಣ್ಣ ಚೌಕದೊಳಗಿನ ಅಂಕಿ ತೋಟ ಆಗೋಯ್ತು. ಬಿಸಿಲಿಲ್ಲದ ಹಳ್ಳದ ಬದಿ, ಎರಡನೇ ಸಲ ಕೊಳೆಗೆ ಬೋರ್ಡೋ ಔಷಧಿ ಹೊಡೆಸೋಕೆ ಮಳೆ ಬಿಡುವು ಕೊಡ್ತಿಲ್ಲ, ಮರದ ಬುಡದಲ್ಲಿ ಹಸಿರು ಕಾಯಿ ಉದುರಿ ಬಿದ್ದಿದೆ, ಅದೆಲ್ಲ ನನಗೆ ಗೊತ್ತಿರೋ ಚಿತ್ರ, ನಾವೂ ಅಲ್ಲೇ ಹುಟ್ಟಿ ಬೆಳೆದೋರು. ಹಿಸ್ಸಾ ಮೂರು ಅಂತ ಇನ್ನೊಂದ್ಸಲ ಪಹಣಿ ಜೊತೆ ತಾಳೆ ನೋಡಿ ಸಬ್‌ಮಿಟ್ ಒತ್ತಿ, ರಸೀದಿ ಪ್ರಿಂಟ್ ತೆಗೆದು ಅವರದೇ ಕವರೊಳಗೆ ಇಟ್ಟುಕೊಟ್ಟೆ. ಅವತ್ತು ಸಂಜೆ ಮನೇಲಿ ನನ್ನ ಅಮ್ಮನಿಗೆ ಹೇಳೋಕೆ ನನ್ನ ಹತ್ರ ವಿಷಯ ಇತ್ತು.

ಇದನ್ನ ಬರೀ ಒಳ್ಳೆ ಮನಸ್ಸಿನ ವಿಷಯ ಅಂತ ಮಾಡ್ಕೋಬಾರ್ದು ಅಂತ ನನ್ನ ಅಭಿಪ್ರಾಯ. ಕೆಲಸ ಎಲ್ಲಿಗೆ ಹೋಗಿ ಮುಟ್ಟತ್ತೆ ಅಂತ ಗೊತ್ತಿದ್ರೆ ಕೆಲಸದ ಗುಣಮಟ್ಟವೇ ಬೇರೆ ಆಗತ್ತೆ. ಬೆಳೆಸಾಲದ್ದೂ ಹಾಗೇ, ರಾಜ್ಯದಲ್ಲಿ 2023ರಲ್ಲಿ ಬಡ್ಡಿ ಇಲ್ಲದ ಅಲ್ಪಾವಧಿ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ರು, ಆದ್ರೆ ವಾಯಿದೆ ಒಳಗೆ ಕಟ್ಟಿದೋರಿಗೆ ಮಾತ್ರ ಆ ಅನುಕೂಲ. ಹಾಗಾಗಿ ವಾಯಿದೆ ಹತ್ತಿರ ಬಂದೋರಿಗೆ ಒಂದು ಫೋನ್ ಮಾಡೋದು ಇದೆಯಲ್ಲ, ಅದು ಯಾವ ರಿಪೋರ್ಟಲ್ಲೂ ಬರಲ್ಲ, ಯಾರೂ ಮಾಡು ಅಂತ ಹೇಳೂ ಇಲ್ಲ, ಆದ್ರೆ ಒಂದು ಮನೆಗೆ ವರ್ಷದ ಬಡ್ಡಿ ಉಳಿಯತ್ತೆ.

ನನ್ನ ಸೋದರಮಾವ ಭದ್ರಾವತಿ ಕಾಗದ ಕಾರ್ಖಾನೇಲಿ ಇದ್ದೋರು. ಆ ಕಾರ್ಖಾನೇಲಿ ಪತ್ರಿಕೆ ಕಾಗದ, ಬರೆಯೋ ಕಾಗದ ಎರಡೂ ಆಗ್ತಿತ್ತು. ನಾವು ಸಣ್ಣವರಿದ್ದಾಗ ಹೊಸ ನೋಟ್‌ಬುಕ್ ತಂದ್ರೆ ಮೊದಲು ಅವರ ಕೈಗೇ ಹೋಗಬೇಕು, ಒಂದು ಹಾಳೆ ಕಿಟಕಿ ಬೆಳಕಿಗೆ ಹಿಡಿದು, ಬೆರಳಲ್ಲಿ ಉಜ್ಜಿ, ಇದು ನಮ್ದು, ಇದು ನಮ್ದಲ್ಲ ಅಂತ ಹೇಳೋರು. ಈಗ ಆ ಮಿಷನ್‌ಗಳು ನಿಂತು ವರ್ಷಗಳಾಯ್ತು, ಮಾವ ರಿಟೈರ್ ಆಗಿಯೂ ಕಾಲ ಆಯ್ತು, ಆದ್ರೂ ಮೊನ್ನೆ ನಮ್ಮನೆಗೆ ಬಂದಾಗ ಸೊಸೈಟಿ ಮಹಾಸಭೆ ಆಹ್ವಾನ ಪತ್ರಿಕೆ ಕೈಲಿ ಸಿಕ್ತು ನೋಡಿ, ಓದೋಕೆ ಮುಂಚೆ ಬೆಳಕಿಗೆ ಹಿಡಿದ್ರು. ಶಿಫ್ಟು, ಶಬ್ದ, ಬಿಸಿ ಎಲ್ಲ ಅನುಭವಿಸಿದ ಮನುಷ್ಯ, ಕೆಲಸ ಸುಲಭ ಇತ್ತು ಅಂತ ಯಾವತ್ತೂ ಹೇಳಿದೋರಲ್ಲ. ಆದ್ರೆ ತಾನು ಮಾಡಿದ ವಸ್ತು ಯಾವ ಮಗುವಿನ ಚೀಲದಲ್ಲಿದೆ ಅಂತ ಅವರಿಗೆ ಕಾಣ್ತಿತ್ತು.

ಹಂಗಂತ ಹಳೇ ಕೆಲಸ ಎಲ್ಲ ಚಿನ್ನ, ಹೊಸದೆಲ್ಲ ಕಸ ಅನ್ನೋ ಮಾತು ನಾನು ಒಪ್ಪಲ್ಲ. ಅಡಿಕೆ ಸುಲಿಯೋ ಕಾಲದಲ್ಲಿ ರಾತ್ರಿ ಎಲ್ಲ ಹರಟೆ, ನಗು, ಕಾಫಿ ಅಂತ ಎಷ್ಟು ಜನ ಚಂದ ಮಾಡಿ ಬರೀತಾರೆ. ಮೆಟ್ಟುಗತ್ತಿ ಮುಂದೆ ಕೂತೋರ ಸೊಂಟ ಕೇಳಿ, ಚೊಗರು ಹಿಡಿದು ಕಪ್ಪಾದ ಬೆರಳು ಕೇಳಿ. ಸುಲಿಯೋ ಮಿಷನ್ ಬಂದಿದ್ದು ಆ ಹೆಂಗಸರ ಬೆನ್ನಿಗೆ ಒಳ್ಳೇದೇ ಆಯ್ತು, ಆದ್ರೆ ಅವರ ಕೈಗೆ ಬರ್ತಿದ್ದ ಕೂಲಿಗೆ ಬೇರೆ ದಾರಿ ನಾವು ಯೋಚನೆ ಮಾಡ್ಲಿಲ್ಲ, ಆ ಪ್ರಶ್ನೆ ಬಾಕಿನೇ ಇದೆ. ಮರ ಹತ್ತಿ ಅಡಿಕೆ ಕೊನೆ, ಅಂದ್ರೆ ಗೊನೆ, ಕೊಯ್ಯೋ ಕೊನೆಗಾರರದ್ದು ನೋಡಿ. ಮರದಿಂದ ಮರಕ್ಕೆ ಜೀಕೋ ವಿದ್ಯೆ ದೊಡ್ಡದೇ, ಜಾರಿ ಬಿದ್ದ ಮನೆಗಳ ಕಥೆಯೂ ಪ್ರತಿ ಊರಲ್ಲಿದೆ. ಈಗ ಕಾರ್ಬನ್ ಫೈಬರ್ ದೋಟಿ, ಅಂದ್ರೆ ಉದ್ದನೆ ಗಳ, ಬಂದಿದೆ, ನೆಲದ ಮೇಲೆ ನಿಂತೇ ಕೊನೆ ತೆಗೀತಾರೆ, ಔಷಧಿ ಹೊಡೀತಾರೆ. ನಮ್ಮೂರಿನ ಹುಡುಗ ಒಬ್ಬ ಸೊಸೈಟೀಲೇ ಸಾಲ ತಗೊಂಡು ದೋಟಿ ತಂದ, ಈಗ ಸೀಸನ್ನಲ್ಲಿ ಅವನ ಡೇಟ್ ಸಿಗೋದೇ ಕಷ್ಟ. ಅಷ್ಟುದ್ದದ ಗಳ ಗಾಳೀಲಿ ಓಲಾಡ್ತಿರತ್ತೆ, ಅವನು ಕತ್ತು ಮೇಲೆತ್ತಿ ಕೊನೆ ತೊಟ್ಟಿಗೆ ಸರಿಯಾಗಿ ಕತ್ತಿ ಸಿಕ್ಕಿಸಿ ಒಂದೇ ಎಳೆತಕ್ಕೆ ತೆಗೀತಾನೆ, ಕೆಳಗೆ ಹಿಡಿಯೋರಿಗೆ ಮೊದಲೇ ಕೂಗಿ ಹೇಳ್ತಾನೆ. ಯಾವ ತೋಟದಲ್ಲಿ ಯಾವ ಮರದ ಕಾಯಿ ಬೇಗ ಹಣ್ಣಾಗತ್ತೆ ಅಂತ ಯಜಮಾನರಿಗೇ ಹೇಳೋವಷ್ಟು ಗೊತ್ತು ಅವನಿಗೆ. ಉಪಕರಣ ಹೊಸದು, ಕೆಲಸ ಮಾತ್ರ ಇಡೀ ಅವನ ಕೈಯಲ್ಲೇ ಇದೆ. ನನಗೆ ಬೇಕಾಗಿರೋದು ಅದೇ ಥರದ್ದು.

ಇನ್ನೊಂದು ವಿಷಯ ಹೇಳ್ದೇ ಇದ್ರೆ ಇಷ್ಟೆಲ್ಲ ಬರೆದಿದ್ದು ತಪ್ಪು ಕೈಗೆ ಹೋಗತ್ತೆ. ಕೆಲಸದಲ್ಲಿ ಅರ್ಥ ಇದೆ, ಸೇವೆ ಇದೆ ಅಂತ ಹೇಳಿ ಸಂಬಳ ಕಡಿಮೆ ಕೊಡೋದು ಇದೆಯಲ್ಲ, ಅದು ಅನ್ಯಾಯ. ಮಳೇಲಿ ಹಳ್ಳ ದಾಟಿ ಬಾಣಂತಿ ನೋಡೋಕೆ ಹೋಗೋ ಆಶಾ ಕಾರ್ಯಕರ್ತೆಯರ ಕೆಲಸಕ್ಕಿಂತ ಅರ್ಥ ಇರೋ ಕೆಲಸ ಯಾವುದು, ಆದ್ರೆ ಅವರಿಗೆ ಸಿಗೋದು ಗೌರವಧನ, ಅದಕ್ಕೂ ಅವರು ಬೆಂಗಳೂರಿಗೆ ಹೋಗಿ ರಸ್ತೇಲಿ ಕೂರಬೇಕು. ಮನಸ್ಸಿನ ತೃಪ್ತಿ ತೋರಿಸಿ ಅಂಗಡಿ ಸಾಮಾನು ತರೋಕಾಗಲ್ಲ.

ಕಾಯಕವೇ ಕೈಲಾಸ ಅಂತ ಆಫೀಸ್ ಗೋಡೆ ಮೇಲೆ ಎಲ್ಲ ಕಡೆ ಬರೆದಿರತ್ತೆ. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ನಮ್ಮ ಶಿಕಾರಿಪುರ ತಾಲೂಕಲ್ಲೇ ಇರೋದ್ರಿಂದ ನಮ್ಮ ಜಿಲ್ಲೇಲಿ ಶರಣರ ಕಥೆ ಚಿಕ್ಕಂದಿನಿಂದ ಕೇಳ್ತಾ ಬೆಳೀತೀವಿ. ಅದರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಗಂಡ ಹೆಂಡತಿ ಕಥೆ ನನಗೆ ತುಂಬಾ ಇಷ್ಟ. ಚೆಲ್ಲಿದ ಅಕ್ಕಿ ಆಯೋದು ಮಾರಯ್ಯನ ಕಾಯಕ. ಒಂದಿನ ಅವನು ದಿನಾ ತರೋದಕ್ಕಿಂತ ಜಾಸ್ತಿ ತಂದಾಗ ಲಕ್ಕಮ್ಮ, ಇಷ್ಟು ನಮಗ್ಯಾಕೆ, ತಗೊಂಡೋಗಿ ಅಲ್ಲೇ ಸುರಿದು ಬನ್ನಿ ಅಂದಳಂತೆ. ಗೋಡೆ ಮೇಲೆ ಬರೆಯೋರು ಲಕ್ಕಮ್ಮನ ಈ ಮಾತನ್ನೂ ಪಕ್ಕದಲ್ಲಿ ಬರೀಬೇಕಿತ್ತು ಅಂತ ನನಗೆ ಯಾವಾಗ್ಲೂ ಅನ್ಸತ್ತೆ. ಯಾಕಂದ್ರೆ ರಾತ್ರಿ ಊಟಕ್ಕೆ ಕೂತಾಗ ವಾಟ್ಸಾಪ್ ಗ್ರೂಪಲ್ಲಿ ನಾಳೆ ಬೆಳಗ್ಗೆಯೊಳಗೆ ಈ ಪಟ್ಟಿ ಬೇಕು ಅಂತ ಮೆಸೇಜ್ ಬರೋ ಕಾಲ ಇದು, ಇಷ್ಟು ಸಾಕು ಅನ್ನೋದೂ ಕಾಯಕದ ಒಳಗೇ ಇದೆ ಅಂತ ಹನ್ನೆರಡನೇ ಶತಮಾನದ ಒಬ್ಬ ಹೆಂಗಸಿಗೆ ಗೊತ್ತಿತ್ತು.

ಈ ವರ್ಷ ಸಾಲ ನವೀಕರಣ ಶುರುವಾಗೋ ಮುಂಚೆ ನಾನು, ನನ್ನ ಜೊತೆ ಕೆಲಸ ಮಾಡೋರು ಕೂತು ಮಾತಾಡಿ ಸೆಕ್ರೆಟರಿಗಳ ಹತ್ರ ಹೋದ್ವಿ. ಕೆಲಸವನ್ನ ಟೇಬಲ್ ಲೆಕ್ಕದಲ್ಲಿ ಹಂಚೋದು ಬಿಟ್ಟು ಊರಿನ ಲೆಕ್ಕದಲ್ಲಿ ಹಂಚಿ ಸಾರ್ ಅಂದ್ವಿ. ಒಂದೊಂದು ಊರಿನ ಸದಸ್ಯರದ್ದು ಒಬ್ಬೊಬ್ಬರಿಗೆ, ಪಹಣಿ ತಗೊಳೋದ್ರಿಂದ ಸಾಲ ಖಾತೆಗೆ ಬಿತ್ತು ಅಂತ ಫೋನ್ ಮಾಡಿ ಹೇಳೋ ತನಕ. ಒಬ್ಬರು ಹಾಕಿದ ಎಂಟ್ರಿ ಇನ್ನೊಬ್ಬರು ನೋಡಿ ಪಾಸ್ ಮಾಡೋದು ಮಾತ್ರ ಹಾಗೇ ಇರಲಿ, ದುಡ್ಡಿನ ವಿಷಯದಲ್ಲಿ ಅದು ಬೇಕೇ ಬೇಕು, ಆಡಿಟ್‌ನೋರು ಕೇಳೋದೂ ಅದನ್ನೇ. ಸಾಹೇಬ್ರು ಸ್ವಲ್ಪ ಹಿಂದೆ ಮುಂದೆ ನೋಡಿದ್ರು, ಕ್ಯೂ ಜಾಸ್ತಿ ಆಗತ್ತಲ್ರೀ ಅಂದ್ರು, ಆಮೇಲೆ ಸರಿ ಈ ಸಲ ನೋಡೋಣ ಅಂದ್ರು. ಕ್ಯೂ ಕೆಲವು ದಿನ ಜಾಸ್ತಿ ಆಗಿದ್ದೂ ನಿಜ, ಒಬ್ಬರು ರಜೆ ಹಾಕಿದ್ರೆ ಆ ಊರಿನೋರು ಕಾಯಬೇಕಾಗಿದ್ದೂ ನಿಜ, ಅದಕ್ಕೆ ಇನ್ನೂ ದಾರಿ ಹುಡುಕ್ತಾ ಇದೀವಿ. ಆದ್ರೆ ದಾಖಲೆ ಸರಿ ಇಲ್ಲ ಅಂತ ಸದಸ್ಯರನ್ನ ವಾಪಸ್ ಕಳಿಸೋದು ಕಡಿಮೆ ಆಗಿದೆ, ಯಾಕಂದ್ರೆ ಯಾರ ಮನೇಲಿ ತೀರಿಕೊಂಡೋರ ಜಮೀನು ವಾರಸುದಾರರ ಹೆಸರಿಗೆ ಮಾಡಿಸೋ ಪೌತಿ ಖಾತೆ ಬಾಕಿ ಇದೆ, ಯಾರ ಆಧಾರಲ್ಲಿ ಇನಿಷಿಯಲ್ ಬೇರೆ ಇದೆ ಅಂತ ನಮಗೀಗ ಮೊದಲೇ ಗೊತ್ತಿರತ್ತೆ, ಬರೋಕೆ ಮುಂಚೆನೇ ಫೋನಲ್ಲಿ ಹೇಳಿಬಿಡ್ತೀವಿ. ನನ್ನ ಪಾಲಿಗೆ ಬಂದಿರೋದು ಘಟ್ಟದ ಬುಡದ ಎರಡು ಊರು, ಅಲ್ಲಿ ನೆಟ್‌ವರ್ಕ್ ಸಿಗಲ್ಲ, ಹಾಗಾಗಿ ಅಲ್ಲಿಗೆ ಸುದ್ದಿ ಮುಟ್ಟಿಸೋಕೆ ಬೆಳಗ್ಗೆ ಬಸ್ಸಿನ ಕಂಡಕ್ಟರ್ ಹತ್ರ ಚೀಟಿ ಕೊಟ್ಟು ಕಳಿಸ್ತಾ ಇದೀನಿ.