ತುಂಬೋರಿಗೇನು, ಇಳಿಸೋಳು ನಾನು

ನಮ್ಮ ಪಿಕಪ್ಪಿಗೆ ಡ್ರೈವರ್ ನಮ್ಮನೆಯವರು. ಕ್ಲೀನರ್, ಹಮಾಲಿ ಎರಡೂ ನಾನೇ. ಊರಲ್ಲಿ ಯಾರು ಸಿಕ್ಕಿದರೂ "ನಿಮ್ಮ ಯಜಮಾನ ಗಾಡಿ ಚೆನ್ನಾಗಿ ಓಡಿಸ್ತಾನೆ ಕಣಮ್ಮ" ಅನ್ನುತ್ತಾರೆ. ನೀನು ಚೆನ್ನಾಗಿ ಇಳಿಸ್ತೀಯ ಅಂತ ಇವತ್ತಿನವರೆಗೆ ಒಬ್ಬರೂ ಅಂದಿಲ್ಲ. ಅದಕ್ಕೇ ಇದನ್ನು ನಾನೇ ಬರೆಯುತ್ತಿದ್ದೇನೆ.

ಹೊಳಲ್ಕೆರೆ ತಾಲ್ಲೂಕಿನಲ್ಲಿ ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ, 800 ಗಿಡ. ಗಿಡಕ್ಕೆ ವರ್ಷಕ್ಕೆ 12 ಕೆಜಿ ಕೊಟ್ಟಿಗೆ ಗೊಬ್ಬರ ಅಂತ ಲೆಕ್ಕ ಹೇಳುತ್ತಾರೆ. ಗುಣಿಸಿದರೆ 9,600 ಕೆಜಿ. ಇರೋ ಎರಡು ಎಮ್ಮೆ ಅಷ್ಟು ಎಲ್ಲಿಂದ ಹಾಕಬೇಕು ಪಾಪ. ಹಾಗಾಗಿ ಚಳ್ಳಕೆರೆ ಕಡೆಯಿಂದ ಕುರಿ ಗೊಬ್ಬರ ತರುತ್ತೇವೆ. ಅದು ಜೋರು ಗೊಬ್ಬರ, ಅರ್ಧ ಹಾಕಿದರೆ ಸಾಕು. ನಾಲ್ಕು ಟ್ರಿಪ್ಪಿನಲ್ಲಿ ಮುಗಿಯುತ್ತದೆ.

ಅಲ್ಲಿನ ಕುರಿ ರೊಪ್ಪದ ಅಜ್ಜ ತೂಕ ಹಾಕಲ್ಲ, ಲೋಡಿಗೆ ಇಷ್ಟು ಅಂತ ಮಾತಾಡುತ್ತಾನೆ. ಅಮೃತ್ ಮಹಲ್ ಕಾವಲಿಗೆ, ಅಂದರೆ ಅಲ್ಲಿನ ದೊಡ್ಡ ಹುಲ್ಲುಗಾವಲಿಗೆ, ಕಾಂಪೌಂಡು ಬಂದಮೇಲೆ ಮೇಯಿಸೋಕೆ ಜಾಗ ಇಲ್ಲ, ಕುರಿ ಕಮ್ಮಿ ಮಾಡಿದೆ ಅಂತ ಪ್ರತಿ ಸಲ ಹೇಳುತ್ತಾನೆ. ಆಮೇಲೆ ರೇಟು ಹೇಳುತ್ತಾನೆ. ಚೌಕಾಸಿ ಮಾಡೋಕೆ ಬಾಯಿ ಬರಲ್ಲ.

ಲೋಡಿನ ಲೆಕ್ಕ ಇದ್ದರೆ ಗೊಬ್ಬರ ಒಣಗಿದ್ದೇ ಒಳ್ಳೆಯದು. ಮಳೆಗೆ ನೆನೆದದ್ದನ್ನು ತುಂಬಿಸಿಕೊಂಡರೆ ನೀರಿಗೂ ದುಡ್ಡು, ನೀರಿಗೂ ಡೀಸೆಲ್ಲು. ಒಣ ಹಿಕ್ಕೆ ಬಾಡಿ ತುಂಬಿದರೂ ಗಾಡಿ ಅಡಿಯ ಸ್ಪ್ರಿಂಗ್ ಪ್ಲೇಟು ಬಗ್ಗುವುದಿಲ್ಲ. ಮರಳು ಹಾಗಲ್ಲ. ನಮ್ಮ ಗಾಡಿಯ ಬಾಡಿ ಸುಮಾರು 9 ಅಡಿ ಉದ್ದ, ಐದೂವರೆ ಅಡಿ ಅಗಲ. ಒಂದು ಘನ ಅಡಿ ಮರಳು ಹತ್ತಿರತ್ತಿರ 45 ಕೆಜಿ ತೂಗುತ್ತದೆ. ಬರೀ ಒಂದು ಗೇಣು ಎತ್ತರ ಹರಡಿದರೆ ಅಲ್ಲಿಗೆ ನಮ್ಮ ಗಾಡಿಯ 1.7 ಟನ್ನಿನ ಲೆಕ್ಕ ಮುಗಿಯಿತು. ನೋಡಿದರೆ ಬಾಡಿ ಖಾಲಿ ಇದ್ದ ಹಾಗೇ ಕಾಣುತ್ತದೆ. ಎಲ್ಲರೂ ಮೋಸ ಹೋಗೋದು ಅಲ್ಲೇ. ಡೋರಿನ ಮಟ್ಟಕ್ಕೆ ತುಂಬಿಕೊಂಡು ಬಂದು, ಸ್ಟೇರಿಂಗು ಹಗುರ ಆಗಿದೆ, ಯಾಕೋ ಗೊತ್ತಿಲ್ಲ ಅನ್ನುತ್ತಾರೆ. ಭಾರ ಹಿಂದಕ್ಕೆ ಬಿದ್ದು ಮುಂದಿನ ಚಕ್ರ ನೆಲ ಬಿಡೋಕೆ ನೋಡುತ್ತಿದೆ, ಇನ್ನೇನು! 2019ರ ತಿದ್ದುಪಡಿ ಆದಮೇಲೆ ಓವರ್‌ಲೋಡಿಗೆ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡ ಇದೆ, ಜಾಸ್ತಿ ಆದ ಟನ್ನಿಗೆ 2,000 ಬೇರೆ. ಆ ದುಡ್ಡಿಗೆ ಎಷ್ಟು ಗೊಬ್ಬರ ಬರುತ್ತದೆ ಅಂತ ನಾನು ಯೋಚಿಸುತ್ತೇನೆ.

ಹಗುರ ಮಾಲಿನ ಕಾಟವೇ ಬೇರೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿ ಕರೆಂಟಿನ ಫ್ಯಾನು ಸುಮ್ನೆ ನೆಟ್ಟಿಲ್ಲವಲ್ಲ. ಎರಡು ವರ್ಷದ ಹಿಂದೆ ಆಷಾಢದಲ್ಲಿ ಮೇಲಿನ ತಾಡಪಾಲಿಗೆ ಒಂದು ಹಗ್ಗ ಕಮ್ಮಿ ಬಿಗಿದಿದ್ದೆ. ದುರ್ಗ ದಾಟುತ್ತಿದ್ದ ಹಾಗೆ ಒಂದು ಮೂಲೆ ಎದ್ದು ಪಟಪಟ ಬಡಿಯಿತು. ಹಿಂದೆ ಬಿಳಿ ಅಂಗಿ ಹಾಕಿಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದವರು ಮೈತುಂಬ ಕುರಿ ಹಿಕ್ಕೆ ಹೊತ್ತುಕೊಂಡೇ ನಮ್ಮನ್ನು ಹಿಂದೆ ಹಾಕಿ ಅಡ್ಡ ನಿಲ್ಲಿಸಿದರು. ನೆಂಟರ ಮನೆಗೆ ಹೊರಟಿದ್ದರಂತೆ. ನಮ್ಮನೆಯವರು ಕ್ಯಾಬಿನ್ನಿನಿಂದ ಇಳಿಯಲೇ ಇಲ್ಲ. ಕೈಮುಗಿದವಳು, ಸೆರಗಿನಲ್ಲಿ ಅಂಗಿ ಒರೆಸಿಕೊಟ್ಟವಳು ನಾನು. ಈಗ ತುಂಬಿದ ಮೇಲೆ ಎರಡು ಕೊಡ ನೀರು ಚಿಮುಕಿಸುತ್ತೇನೆ. ಮೇಲಿನ ಪದರ ಹೆಪ್ಪುಗಟ್ಟಿದ ಹಾಗೆ ಕೂರುತ್ತದೆ. ತಾಡಪಾಲಿನ ಹಗ್ಗವನ್ನಂತೂ ಬೇರೆಯವರ ಕೈಗೆ ಕೊಡಲ್ಲ.

ಇನ್ನು ಇಳಿಸೋದು. ಟ್ರ್ಯಾಕ್ಟರಿನ ಟ್ರೈಲರ್ ಆದರೆ ಹೈಡ್ರಾಲಿಕ್ ಎತ್ತಿ ಸುರಿದು ಹೋಗಬಹುದು. ನಮ್ಮ ತೋಟದ ದಾರಿಗೆ ಟ್ರೈಲರ್ ತಿರುಗಲ್ಲ. ಪಿಕಪ್ಪಿನ ಬಾಡಿಗೆ ಎತ್ತೋ ಯೋಗ ಇಲ್ಲ. ಮೊದಲ ವರ್ಷ ಪೂರ್ತಿ ಸಲಿಕೆಯಲ್ಲೇ ಎಳೆದೆ. ಬಾಡಿಯ ತಗಡಿನಲ್ಲಿ ಉದ್ದಕ್ಕೆ ಉಬ್ಬು ಪಟ್ಟಿ ಇರುತ್ತವೆ. ಪಕ್ಕದಿಂದ ಸಲಿಕೆ ಹಾಕಿದರೆ ಪ್ರತಿ ಸಲ ಕಟಕ್ ಅಂತ ತಾಗಿ ಮೊಣಕೈವರೆಗೂ ಜುಮ್ಮನ್ನುತ್ತದೆ. ಹಿಂದಿನ ಡೋರಿನ ಕಡೆ ನಿಂತು ಪಟ್ಟಿಯ ಉದ್ದಕ್ಕೇ ಎಳೆದರೆ ಜಾರುತ್ತದೆ ಅಂತ ತಿಳಿಯೋಕೆ ನಾಲ್ಕು ಲೋಡು, ಒಂದು ಡಬ್ಬಿ ನೋವಿನ ಮುಲಾಮು ಬೇಕಾಯಿತು.

ಎರಡನೇ ವರ್ಷ ತಾಡಪಾಲಿನ ಉಪಾಯ ಹಿಡಿದೆ. ತುಂಬೋ ಮುಂಚೆಯೇ ಬಾಡಿಗೆ ತಾಡಪಾಲು ಹಾಸಬೇಕು. ಕ್ಯಾಬಿನ್ ಕಡೆ ನಾಲ್ಕೈದು ಅಡಿ ಜಾಸ್ತಿ ಬಿಟ್ಟು, ತುಂಬಿದ ಮೇಲೆ ಅದನ್ನು ರಾಶಿಯ ಮೇಲಕ್ಕೆ ಮಡಚಬೇಕು. ತೋಟಕ್ಕೆ ಬಂದಮೇಲೆ ಆ ಮಡಚಿದ ಅಂಚಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಗಾಡಿ ಹಿಂದಿನ ಹುಣಸೆ ಮರಕ್ಕೆ ಬಿಗಿದು, ಡೋರು ತೆಗೆದು, ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ಬಿಡಬೇಕು. ಗಾಡಿ ಹೋಗುತ್ತದೆ, ತಾಡಪಾಲು ಮರದ ಹತ್ತಿರವೇ ಉಳಿಯುತ್ತದೆ. ಗೊಬ್ಬರ ಚಾಪೆ ಸುತ್ತಿದ ಹಾಗೆ ಮಗುಚಿಕೊಂಡು ಕೆಳಗೆ.

ಹೇಳೋಕೆ ಸಲೀಸು. ಮೊದಲ ದಿನ ತಾಡಪಾಲಿನ ಕಣ್ಣಿಗೇ, ಅಂದರೆ ಅಂಚಿನಲ್ಲಿರೋ ತೂತಿಗೇ, ಹಗ್ಗ ಕಟ್ಟಿದ್ದೆ. ಪರ್ ಅಂತ ಎರಡೂ ಕಣ್ಣು ಕಿತ್ತು ಬಂದವು, ಗೊಬ್ಬರ ಒಂದು ಅಂಗುಲ ಅಲ್ಲಾಡಲಿಲ್ಲ. ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ ನಮ್ಮತ್ತೆ, "ಕಣ್ಣಿಗ್ಯಾಕೆ ಕಟ್ತೀಯೇ? ಮೂಲೇಲಿ ಒಂದು ಗುಂಡುಕಲ್ಲು ಇಟ್ಟು ಬಟ್ಟೆ ಮುಚ್ಚು. ಕಲ್ಲಿನ ಕುತ್ತಿಗೆಗೆ ಕಟ್ಟು" ಅಂದರು. ಹಾಗೆ ಕಟ್ಟಿದ ಮೇಲೆ ಇವತ್ತಿಗೂ ಮೂಲೆ ಹರಿದಿಲ್ಲ. ನಾನು ಸೇರಿಸಿದ್ದು ಇನ್ನೊಂದು. ಒಂದೇ ತಾಡಪಾಲಿನ ಬದಲು ಎರಡು ಹಾಸುತ್ತೇನೆ, ಮುಂದೆ ಒಂದು, ಹಿಂದೆ ಒಂದು. ಮೊದಲು ಹಿಂದಿನ ಅರ್ಧ ಎಳೆದು, ಆಮೇಲೆ ಮುಂದಿನದು. ಇಡೀ ಲೋಡು ಒಂದೇ ಏಟಿಗೆ ಎಳೆದರೆ ಹಗ್ಗ ಕಿತ್ತುಹೋಗುತ್ತದೆ, ಇಲ್ಲವೇ ಗಾಡಿಯ ಚಕ್ರ ಅಲ್ಲೇ ಮಣ್ಣು ತೋಡುತ್ತದೆ. ಹಗ್ಗ ಬಿಗಿಯಾದಾಗ ಅದರ ಸಾಲಿನಲ್ಲಿ ಯಾರನ್ನೂ ನಿಲ್ಲೋಕೆ ಬಿಡಲ್ಲ, ಅತ್ತೆಯನ್ನೂ.

ಈಗ ಒಂದು ಲೋಡು ಇಳಿಯೋಕೆ ಕಾಲು ಗಂಟೆ. ಅಲ್ಲಿಂದ ಗಿಡಗಳ ಬುಡಕ್ಕೆ ಮಂಕರಿಯಲ್ಲಿ ಹೊರುವ ಕೆಲಸ ಇದ್ದೇ ಇದೆ, ಅದಕ್ಕೆ ಉಪಾಯ ಇನ್ನೂ ಸಿಕ್ಕಿಲ್ಲ.

ಮರಳಿಗೆ ಈ ಆಟ ನಡೆಯಲ್ಲ, ತಾಡಪಾಲೇ ಹರಿದುಹೋಗುತ್ತದೆ. ಭಾನುವಾರ ಮೈದುನ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ತರೋಕೆ ಪಿಕಪ್ ಕೇಳಿದ್ದಾನೆ. ಇವರು ಆಗಲೇ ಹೂಂ ಅಂದಿದ್ದಾರೆ. ಒಂದು ಗೇಣಿನ ಮೇಲೆ ತುಂಬಬೇಡ ಅಂತ ಹೇಳಿ ಸಲಿಕೆ ಕೊಟ್ಟಿದ್ದೇನೆ. ತಾಡಪಾಲು ಎರಡನ್ನೂ ಮಡಚಿ ಅಟ್ಟದ ಮೇಲೆ ಇಟ್ಟಿದ್ದೇನೆ.